ಮೊನ್‌ಫ್ರಾಗ್ವೆ ಬೆಟ್ಟಗಳಲ್ಲಿ ಕಾರು, ಹಕ್ಕಿ, ಒಂದು ದಿನ: ಪದೇ ಪದೇ ಕೇಳುವ ಪ್ರಶ್ನೆಗಳು

ಮ್ಯಾಡ್ರಿಡ್‌ಗೆ ಬಂದು ನೆಲೆಸಿದ ಮೇಲೆ ನಮ್ಮ ಮನೆಗೆ ಬರುವ ನೆಂಟರು, ಗೆಳೆಯರಲ್ಲಿ ಎರಡು ಥರದವರನ್ನು ನೋಡಿದ್ದೇನೆ. ಒಂದು ಥರದವರಿಗೆ ಮ್ಯೂಸಿಯಂ, ಫುಟ್‌ಬಾಲ್ ಮೈದಾನ ತೋರಿಸಿದರೆ ಸಾಕು. ಇನ್ನೊಂದು ಥರದವರು ಸೂಟ್‌ಕೇಸಿನಲ್ಲಿ ಬೈನಾಕ್ಯುಲರ್ ಇಟ್ಟುಕೊಂಡೇ ಬರುತ್ತಾರೆ. ಇವರನ್ನು ನಾನು ಮೊದಲು ಕರೆದುಕೊಂಡು ಹೋಗುವುದು ಮೊನ್‌ಫ್ರಾಗ್ವೆಗೆ. ಹೊರಡುವ ಮುಂಚೆ ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಅದೇ ಪ್ರಶ್ನೆಗಳು. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಇದು ಎಲ್ಲಿದೆ? ಯಾಕೆ ಅಲ್ಲಿಗೇ ಹೋಗಬೇಕು?

ಸ್ಪೇನಿನ ಪಶ್ಚಿಮದಲ್ಲಿ, ಪೋರ್ಚುಗಲ್ ಗಡಿಗೆ ತಾಗಿಕೊಂಡು ಎಕ್ಸ್‌ತ್ರೆಮದೂರ ಅನ್ನುವ ಪ್ರದೇಶವಿದೆ. ಅಲ್ಲಿ ತಾಹೊ ನದಿಗೆ ತಿಯೇತಾರ್ ನದಿ ಬಂದು ಸೇರುವ ಕಡೆ ಒಂದು ಉದ್ದನೆಯ ಬೆಟ್ಟಸಾಲು. ಎತ್ತರ ಕೇಳಿದರೆ ನಗು ಬರಬಹುದು, ನಮ್ಮ ನಂದಿಬೆಟ್ಟದ ಅರ್ಧವೂ ಇಲ್ಲ. ರಾಷ್ಟ್ರೀಯ ಉದ್ಯಾನದ ವಿಸ್ತಾರ 18,000 ಹೆಕ್ಟೇರ್‌ಗಿಂತ ಸ್ವಲ್ಪ ಜಾಸ್ತಿ, ಅಂದರೆ ಬನ್ನೇರುಘಟ್ಟಕ್ಕಿಂತಲೂ ಚಿಕ್ಕದು.

ಆದರೆ ನದಿ ಈ ಬೆಟ್ಟವನ್ನು ಅಲ್ಲಲ್ಲಿ ಕೊಯ್ದುಕೊಂಡು ಹೋಗಿದೆ. ಕೊಯ್ದ ಕಡೆಯಲ್ಲೆಲ್ಲ ಕಡಿದಾದ ಬಂಡೆಗೋಡೆ, ಗೋಡೆಯ ತುಂಬ ರಣಹದ್ದಿನ ಗೂಡು. ರಸ್ತೆ ಹಾದುಹೋಗುವುದು ಆ ಗೋಡೆಯ ಎದುರಿಗೇ. ಟ್ರೆಕ್ಕಿಂಗ್ ಇಲ್ಲ, ಜೀಪ್ ಸಫಾರಿ ಇಲ್ಲ, ಗೈಡ್ ಕಡ್ಡಾಯವಲ್ಲ. ಕಾರು ನಿಲ್ಲಿಸಿ, ಬಾಗಿಲು ತೆಗೆದು, ತಲೆ ಎತ್ತಿದರೆ ಆಯಿತು. ಒಳಗೆ ಹೋಗಲು ಟಿಕೆಟ್ಟೂ ಇಲ್ಲ.

ಹೆಸರನ್ನು ಹೇಗೆ ಹೇಳಬೇಕು?

ಮೊನ್-ಫ್ರಾ-ಗ್ವೆ. ಒತ್ತು ‘ಫ್ರಾ’ ಮೇಲೆ. ತಪ್ಪು ಹೇಳಿದರೂ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಮ್ಯಾಡ್ರಿಡ್‌ನಿಂದ ಒಂದೇ ದಿನದಲ್ಲಿ ಹೋಗಿ ಬರಬಹುದಾ?

ಬರಬಹುದು. ದಾರಿ ಸುಮಾರು ಎರಡೂವರೆ ಗಂಟೆಯದು. ಬಾದಹೋಸ್ ಕಡೆ ಹೋಗುವ ಎ-5 ಹೆದ್ದಾರಿ ಹಿಡಿದು ನವಲ್‌ಮೊರಾಲ್ ದೆ ಲಾ ಮಾತಾ ಅನ್ನುವ ಊರಿನವರೆಗೆ ಹೋಗಿ, ಅಲ್ಲಿಂದ ಪ್ಲಾಸೆನ್ಸಿಯಾ ಕಡೆಯ ರಸ್ತೆಗೆ ತಿರುಗಬೇಕು. ಆಮೇಲೆ ಇಎಕ್ಸ್-208. ಪ್ಲಾಸೆನ್ಸಿಯಾ ಮತ್ತು ತ್ರುಹಿಯೊ ಊರುಗಳನ್ನು ಜೋಡಿಸುವ ಈ ರಸ್ತೆ ಪಾರ್ಕಿನ ನಡುವೆಯೇ ಹಾದುಹೋಗುತ್ತದೆ. ನೀವು ನೋಡಬೇಕಾದ ಮುಖ್ಯ ಜಾಗಗಳೆಲ್ಲ ಇದರ ಮೇಲೆ, ಇಲ್ಲವೇ ಇದರ ಒಂದು ಕವಲಿನ ಮೇಲೆ ಇವೆ.

ಒಂದು ರಾತ್ರಿ ಉಳಿದುಕೊಂಡರೆ ಇನ್ನೂ ಒಳ್ಳೆಯದು. ಪಾರ್ಕಿನ ದಕ್ಷಿಣಕ್ಕೆ ತೊರ್ರೆಹೋನ್ ಎಲ್ ರುಬಿಯೊ ಅನ್ನುವ ಸಣ್ಣ ಊರಿನಲ್ಲಿ ಉಳಿದುಕೊಳ್ಳುವ ಮನೆಗಳು ಸಿಗುತ್ತವೆ. ಪೆಟ್ರೋಲ್ ಮಾತ್ರ ಹೆದ್ದಾರಿಯಲ್ಲೇ ಹಾಕಿಸಿಕೊಂಡು ಬಿಡಿ, ಪಾರ್ಕಿನೊಳಗೆ ಬಂಕ್ ಇಲ್ಲ.

ರೈಲು, ಬಸ್ಸಿನಲ್ಲಿ ಆಗಲ್ವಾ?

ಮೊನ್‌ಫ್ರಾಗ್ವೆ ಹೆಸರಿನ ರೈಲು ನಿಲ್ದಾಣವೇ ಇದೆ. ಅದನ್ನು ನೋಡಿ ಮೋಸಹೋಗಬೇಡಿ, ಅದು ಪಾರ್ಕಿನೊಳಗಿಲ್ಲ. ಇಳಿದ ಮೇಲೆ ಮುಂದಕ್ಕೆ ಹೋಗಲು ಏನೂ ಸಿಗುವುದಿಲ್ಲ. ಕಾರು ಬೇಕೇ ಬೇಕು.

ನಮ್ಮ ಇಂಡಿಯಾ ಲೈಸೆನ್ಸ್ ನಡೆಯುತ್ತಾ? ಎಡ-ಬಲ ಗೊಂದಲ ಆಗಲ್ವಾ?

ಪ್ರವಾಸಕ್ಕೆ ಬಂದವರಿಗೆ ನಡೆಯುತ್ತದೆ. ಜೊತೆಗೆ ಊರಿನ ಆರ್‌ಟಿಒ ಕೊಡುವ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಇರಬೇಕು. ಹೊರಡುವ ಮುಂಚೆಯೇ ಮಾಡಿಸಿಕೊಳ್ಳಿ, ಇಲ್ಲಿಗೆ ಬಂದ ಮೇಲೆ ಏನೂ ಮಾಡಲಾಗುವುದಿಲ್ಲ. ಇಲ್ಲೇ ನೆಲೆಸಿದವರಿಗಾದರೆ ಆರು ತಿಂಗಳ ನಂತರ ನಮ್ಮ ಲೈಸೆನ್ಸ್ ಲೆಕ್ಕಕ್ಕಿಲ್ಲ. ಇಪ್ಪತ್ತು ವರ್ಷ ಬೆಂಗಳೂರಿನಲ್ಲಿ ಗಾಡಿ ಓಡಿಸಿದ ನಾನೂ ಇಲ್ಲಿ ಹದಿನೆಂಟರ ಹುಡುಗರ ಪಕ್ಕ ಕೂತು ಪರೀಕ್ಷೆ ಬರೆದೆ.

ಎಡ-ಬಲದ ಗೊಂದಲ ಹೆದ್ದಾರಿಯಲ್ಲಿ ಅಷ್ಟಾಗಿ ಆಗುವುದಿಲ್ಲ. ಖಾಲಿ ರಸ್ತೆಯಲ್ಲಿ, ಹಕ್ಕಿ ನೋಡಿ ಮತ್ತೆ ಕಾರು ಹತ್ತಿ ಹೊರಡುವಾಗ ಆಗುತ್ತದೆ. ಎದುರಿಗೆ ಯಾವ ಗಾಡಿಯೂ ಇರುವುದಿಲ್ಲ, ತಲೆಯಲ್ಲಿ ಹದ್ದು ಹಾರುತ್ತಿರುತ್ತದೆ, ಕೈ ತಾನಾಗಿ ಎಡಕ್ಕೆ ಎಳೆಯುತ್ತದೆ. ಪಕ್ಕದಲ್ಲಿ ಕೂತವರಿಗೆ ಇದೇ ಕೆಲಸ ಕೊಡಿ: ಪ್ರತಿ ಸಲ ಹೊರಡುವಾಗ ‘ಬಲಕ್ಕೆ’ ಅಂತ ಗಟ್ಟಿಯಾಗಿ ಹೇಳುವುದು.

ಹೆದ್ದಾರಿಯಲ್ಲಿ ಗಂಟೆಗೆ 120 ಕಿ.ಮೀ., ಸಾಧಾರಣ ರಸ್ತೆಯಲ್ಲಿ 90 ಮಿತಿ. ಪಾರ್ಕಿನ ತಿರುವುಗಳಲ್ಲಿ ಅದರ ಅರ್ಧವೂ ಬೇಡ. ಬಾಡಿಗೆ ಕಾರು ತೆಗೆದುಕೊಳ್ಳುವಾಗ ಆಟೋಮ್ಯಾಟಿಕ್ ಬೇಕಿದ್ದರೆ ಮೊದಲೇ ಹೇಳಿ. ಬಲಗೈಯಲ್ಲಿ ಗೇರ್ ಹಾಕುವುದನ್ನು ಬೆಟ್ಟದ ರಸ್ತೆಯಲ್ಲಿ ಕಲಿಯುವ ಹುಮ್ಮಸ್ಸು ಎಲ್ಲರಿಗೂ ಇರುವುದಿಲ್ಲ.

ಯಾವ ತಿಂಗಳು ಒಳ್ಳೆಯದು?

ಮಾರ್ಚ್ ಕೊನೆಯಿಂದ ಮೇ ಮಧ್ಯದವರೆಗೆ. ಆಫ್ರಿಕಾದಲ್ಲಿ ಚಳಿಗಾಲ ಕಳೆದ ಬಿಳಿ ರಣಹದ್ದು, ಕರಿ ಕೊಕ್ಕರೆ ಮಾರ್ಚ್ ಹೊತ್ತಿಗೆ ವಾಪಸ್ ಬಂದಿರುತ್ತವೆ. ಏಪ್ರಿಲ್‌ನಲ್ಲಿ ಜೇನುಹಿಡುಕಗಳು ಬರುತ್ತವೆ. ಬೆಟ್ಟದ ಮೈತುಂಬ ಹಾರಾ ಅನ್ನುವ ಪೊದೆ ಹೂ ಬಿಟ್ಟಿರುತ್ತದೆ. ಬಿಳಿ ಹೂ, ಒಂದೊಂದು ಎಸಳಿನ ಬುಡದಲ್ಲೂ ಕುಂಕುಮದ ಬೊಟ್ಟಿನಂಥ ಕಲೆ. ಎಲೆ ಮುಟ್ಟಿದರೆ ಅಂಟಂಟು, ಬಿಸಿಲೇರಿದರೆ ಗಾಳಿಯೆಲ್ಲ ಅದರದೇ ವಾಸನೆ.

ಜುಲೈ, ಆಗಸ್ಟ್ ಬೇಡ. 40 ಡಿಗ್ರಿ ದಾಟುವ ದಿನಗಳು ಇರುತ್ತವೆ. ರಾಯಚೂರಿನವರು ‘ಅಷ್ಟೇನಾ’ ಅಂದಾರು, ಆದರೂ ಬೇಡ, ಹಕ್ಕಿಗಳೂ ನೆರಳು ಬಿಟ್ಟು ಬರುವುದಿಲ್ಲ. ನವೆಂಬರ್‌ನಿಂದ ಫೆಬ್ರವರಿವರೆಗೆ ಬಂದರೆ ಬೇರೆಯೇ ಲಾಭ ಇದೆ. ಉತ್ತರ ಯುರೋಪಿನಿಂದ ಬಂದ ಕ್ರೌಂಚಗಳು ಎಕ್ಸ್‌ತ್ರೆಮದೂರದಲ್ಲಿ ಒಂದು ಲಕ್ಷಕ್ಕೂ ಮೀರಿ ಇರುತ್ತವೆ. ಗ್ರಿಫನ್ ಮತ್ತು ಕಪ್ಪು ರಣಹದ್ದುಗಳಂತೂ ವರ್ಷವಿಡೀ ಇಲ್ಲೇ.

ಬೆಳಗಿನ ಜಾವ ನಾಲ್ಕಕ್ಕೇ ಎದ್ದು ಹೊರಡಬೇಕಾ?

ಬೇಡ. ಹಕ್ಕಿ ನೋಡುವುದು ಅಂದರೆ ನಿದ್ದೆಗೆಟ್ಟು ಓಡುವುದು ಅನ್ನುವ ಅಭ್ಯಾಸ ನಮಗೆ ಇದೆ. ರಣಹದ್ದಿಗೆ ಅದು ಇಲ್ಲ. ಏಳೆಂಟು ಕಿಲೋ ತೂಕದ ಮೈಯನ್ನು ರೆಕ್ಕೆ ಬಡಿದು ಮೇಲೆತ್ತುವುದು ತುಂಬ ದುಬಾರಿ ಕೆಲಸ. ಬಿಸಿಲಿಗೆ ಬಂಡೆ ಕಾದು, ಬಿಸಿ ಗಾಳಿ ಮೇಲೇರತೊಡಗುವವರೆಗೂ ಅವು ಕೂತಲ್ಲೇ ಕೂತಿರುತ್ತವೆ. ಹತ್ತು, ಹತ್ತೂವರೆಗೆ ಒಂದು ರೆಕ್ಕೆ ಬಿಚ್ಚುತ್ತದೆ, ನಂತರ ಇನ್ನೊಂದು. ಹನ್ನೊಂದರ ಹೊತ್ತಿಗೆ ಆಕಾಶ ತುಂಬಿರುತ್ತದೆ.

ಇನ್ನೊಂದು ವಿಷಯ. ಸ್ಪೇನಿನ ಗಡಿಯಾರ ಜರ್ಮನಿಯ ಗಡಿಯಾರದ ಜೊತೆ ನಡೆಯುತ್ತದೆ, ಸೂರ್ಯ ಹಾಗೆ ನಡೆಯುವುದಿಲ್ಲ. ಏಪ್ರಿಲ್ ಮಧ್ಯದಲ್ಲಿ ಇಲ್ಲಿ ಸೂರ್ಯ ಹುಟ್ಟುವುದೇ ಏಳೂಮುಕ್ಕಾಲರ ಸುಮಾರಿಗೆ, ಮುಳುಗುವುದು ರಾತ್ರಿ ಒಂಬತ್ತರ ಆಸುಪಾಸು. ಹಾಗಾಗಿ ನಾವು ಏಳಕ್ಕೆ ಕಾಫಿ ಕುಡಿದು ಆರಾಮಾಗಿ ಹೊರಡುತ್ತೇವೆ.

ಮೊದಲು ಎಲ್ಲಿ ನಿಲ್ಲಿಸಬೇಕು?

ಸಾಲ್ತೊ ದೆಲ್ ಹಿತಾನೊ. ಕನ್ನಡದಲ್ಲಿ ಹೇಳುವುದಾದರೆ ಜಿಪ್ಸಿ ಹಾರಿದ ಜಾಗ. ಪೊಲೀಸರಿಂದ ತಪ್ಪಿಸಿಕೊಳ್ಳಲು ಒಬ್ಬ ಈ ದಡದಿಂದ ಆ ದಡಕ್ಕೆ ಹಾರಿದನಂತೆ. ತಾಹೊ ನದಿಯ ಅಗಲ ನೋಡಿದ ಮೇಲೆ ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ರಸ್ತೆ ಪಕ್ಕ ಒಂದು ಸಣ್ಣ ಪಾರ್ಕಿಂಗ್, ಒಂದು ಕಟ್ಟೆ. ಕೆಳಗೆ ಹಸಿರು ನೀರು. ಎದುರಿಗೆ ನೀರಿನಿಂದಲೇ ಎದ್ದು ನಿಂತ ಬಂಡೆ, ಹೆಸರು ಪೆನ್ಯಾ ಫಾಲ್ಕೋನ್. ಬಂಡೆಯ ಮೇಲೆ ಸುಣ್ಣ ಚೆಲ್ಲಿದ ಹಾಗೆ ಬಿಳಿ ಪಟ್ಟೆಗಳು ಕಾಣುತ್ತವೆ. ಅದು ಹಿಕ್ಕೆ. ಬಿಳಿ ಪಟ್ಟೆ ಎಲ್ಲಿ ಶುರುವಾಗುತ್ತದೋ ಅಲ್ಲಿ ಗೂಡು ಇದೆ ಅಂತ ಲೆಕ್ಕ. ಬೈನಾಕ್ಯುಲರ್ ಹಿಡಿದು ಅಲ್ಲಿಂದಲೇ ಹುಡುಕಲು ಶುರುಮಾಡಿ. ಏಪ್ರಿಲ್‌ನಲ್ಲಾದರೆ ಗೂಡಿನಲ್ಲಿ ಬೂದು ಉಣ್ಣೆಯ ಮುದ್ದೆಯಂಥ ಮರಿಗಳು ಕಾಣುತ್ತವೆ. ಜೋಡಿಯೊಂದಕ್ಕೆ ವರ್ಷಕ್ಕೆ ಒಂದೇ ಮೊಟ್ಟೆ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಅಂದರೆ ಹದಿನೈದು ನಿಮಿಷ ನೋಡಿ, ಫೋಟೊ ತೆಗೆದು, ‘ಮುಂದೆ ಇನ್ನೇನಿದೆ’ ಅನ್ನುವುದು. ಮುಂದೆ ಇರುವುದು ಇಷ್ಟು ಚೆನ್ನಾಗಿಲ್ಲ! ಎರಡು ಗಂಟೆ ಇಲ್ಲೇ ಕೂರಿ. ಮೊದಲು ರಣಹದ್ದುಗಳು ಕೆಳಗೆ, ನದಿಯ ಮೇಲೆ ತೇಲುತ್ತಿರುತ್ತವೆ. ಆಗ ಅವುಗಳ ಬೆನ್ನು ಕಾಣುತ್ತದೆ. ರಣಹದ್ದಿನ ಬೆನ್ನು ನೋಡಿದವರು ನಮ್ಮಲ್ಲಿ ಎಷ್ಟು ಜನ ಇದ್ದಾರು? ಆಮೇಲೆ ಸುತ್ತುತ್ತಾ ಸುತ್ತುತ್ತಾ ಕಣ್ಣಿನ ಮಟ್ಟಕ್ಕೆ ಬರುತ್ತವೆ. ಕೆಲವು ತಲೆಯ ಮೇಲೆ ಎಷ್ಟು ಹತ್ತಿರ ಹೋಗುತ್ತವೆ ಅಂದರೆ ರೆಕ್ಕೆಯ ಸದ್ದು ಕೇಳುತ್ತದೆ, ಗಟ್ಟಿ ಬಟ್ಟೆ ಹರಿದಂಥ ಸದ್ದು. ಈ ನಡುವೆ ಬಂಡೆಯ ಸಂದಿನಲ್ಲಿ ಕರಿ ಕೊಕ್ಕರೆಯ ಗೂಡು, ಕಟ್ಟೆಯ ಮೇಲೇ ಬಂದು ಕೂರುವ ನೀಲಿ ಬಣ್ಣದ ರಾಕ್ ಥ್ರಶ್, ಇವೆಲ್ಲ ಕೂತವರಿಗೆ ಮಾತ್ರ ಸಿಗುವುದು.

ಅಲ್ಲಿರುವ ಮೂರು ಥರ ರಣಹದ್ದುಗಳನ್ನು ಗುರುತಿಸುವುದು ಹೇಗೆ?

ಅತಿ ಹೆಚ್ಚು ಕಾಣುವುದು ಗ್ರಿಫನ್. ಮೈ ಕಾಫಿಗೆ ಹಾಲು ಜಾಸ್ತಿಯಾದ ಬಣ್ಣ, ರೆಕ್ಕೆಯ ಹಿಂಭಾಗ ಕಡುಗಪ್ಪು, ಕುತ್ತಿಗೆ ಬೆಳ್ಳಗೆ. ತೇಲುವಾಗ ರೆಕ್ಕೆಗಳನ್ನು ಸ್ವಲ್ಪ ಮೇಲಕ್ಕೆ ಎತ್ತಿರುತ್ತದೆ. ಬಂಡೆಯ ಮೇಲೆ ಗೂಡು ಕಟ್ಟುತ್ತದೆ.

ಕಪ್ಪು ರಣಹದ್ದು ಅದಕ್ಕಿಂತ ದೊಡ್ಡದು. ರೆಕ್ಕೆ ಹರವಿದರೆ ಎರಡೂವರೆ ಮೀಟರಿಗೂ ಮೇಲೆ, ಮೂರರ ಹತ್ತಿರ. ದೂರಕ್ಕೆ ಇಡೀ ಮೈ ಒಂದೇ ಕಪ್ಪು. ರೆಕ್ಕೆ ಹಲಗೆಯ ಹಾಗೆ ಸಪಾಟು, ತುದಿ ಸ್ವಲ್ಪ ಕೆಳಗೆ ಬಾಗಿರುತ್ತದೆ. ಗಾಳಿಯಲ್ಲಿ ಹಾರುವ ಬಾಗಿಲು ಅಂತ ನಮ್ಮ ಮಗಳು ಹೆಸರಿಟ್ಟಿದ್ದಾಳೆ. ಇದು ಬಂಡೆಯಲ್ಲಿ ಅಲ್ಲ, ಮರದ ನೆತ್ತಿಯ ಮೇಲೆ ಗೂಡು ಕಟ್ಟುತ್ತದೆ. ಈ ಪುಟ್ಟ ಪಾರ್ಕಿನಲ್ಲಿ ಮುನ್ನೂರಕ್ಕೂ ಹೆಚ್ಚು ಜೋಡಿಗಳಿವೆ, ಲೋಕದಲ್ಲೇ ಇದರ ಅತಿ ದೊಡ್ಡ ನೆಲೆಗಳಲ್ಲಿ ಒಂದು.

ಮೂರನೆಯದು ನಮಗೆ ಪರಿಚಯದ ಬಿಳಿ ರಣಹದ್ದು. ಹಳದಿ ಮುಖ, ಬಿಳಿ ಮೈ, ಕಪ್ಪು ರೆಕ್ಕೆತುದಿ, ಬೆಣೆಯಂಥ ಬಾಲ. ಮಿಕ್ಕೆರಡರ ಪಕ್ಕ ಚಿಕ್ಕ ಹುಡುಗನ ಹಾಗೆ ಕಾಣುತ್ತದೆ. ರಾಮನಗರದ ಬೆಟ್ಟಗಳಲ್ಲೂ ಇದೇ ಜಾತಿ ಇದೆ.

ರಣಹದ್ದುಗಳಿಗೆ ಅಲ್ಲಿ ಹೊಟ್ಟೆಗೇನು? ನಮ್ಮಲ್ಲಿ ಯಾಕೆ ಹಾಗೆ ನಾಶವಾದವು?

ಇದನ್ನು ನಾನು ಸ್ವಲ್ಪ ಉದ್ದ ಹೇಳುತ್ತೇನೆ, ಯಾಕೆಂದರೆ ಚನ್ನಪಟ್ಟಣದ ಕಡೆಯವರಾದ ನಮ್ಮ ಮಾವನವರು ಕೇಳಿದ ಪ್ರಶ್ನೆ ಇದು. ಅವರು ಸಾಲ್ತೊ ದೆಲ್ ಹಿತಾನೊ ಕಟ್ಟೆಯ ಮೇಲೆ ಒಂದು ಗಂಟೆ ಮಾತಿಲ್ಲದೆ ಕೂತಿದ್ದರು. ನನಗೆ ಎಲ್ಲಿ ಬೇಜಾರಾಯಿತೋ ಅನ್ನಿಸಿತು. ಆಮೇಲೆ ‘ನಾವು ಚಿಕ್ಕವರಿದ್ದಾಗ ಊರಾಚೆ ಹಸು ಸತ್ತರೆ ಹಿಂಗೇ ಇಳೀತಿದ್ವು ಕಣಪ್ಪಾ’ ಅಂದರು.

ಸ್ಪೇನಿನಲ್ಲೂ ಅದೇ ಪದ್ಧತಿ ಇತ್ತು. ಊರಾಚೆ ಸತ್ತ ದನ, ಹೇಸರಗತ್ತೆ ಹಾಕಲು ಒಂದು ಜಾಗ. ಅದಕ್ಕೆ ‘ಮುಲದಾರ್’ ಅಂತ ಹೆಸರು. ಹುಚ್ಚು ಹಸುವಿನ ರೋಗದ ಗಾಬರಿಯಲ್ಲಿ ಯುರೋಪಿಯನ್ ಒಕ್ಕೂಟ 2002ರಲ್ಲಿ ನಿಯಮ ಬಿಗಿ ಮಾಡಿತು. ಸತ್ತ ಜಾನುವಾರನ್ನು ಬಯಲಲ್ಲಿ ಬಿಡುವ ಹಾಗಿಲ್ಲ, ಸುಡಬೇಕು. ರಣಹದ್ದುಗಳು ಹಸಿವಿಗೆ ಬಿದ್ದವು. ಕೆಲವು ವರ್ಷ ಹಗ್ಗಜಗ್ಗಾಟ ಆದ ಮೇಲೆ ನಿಯಮ ಸಡಿಲವಾಗಿ, 2011ರಲ್ಲಿ ಸ್ಪೇನ್ ತನ್ನ ಕಾನೂನು ಬದಲಾಯಿಸಿತು. ಗೊತ್ತುಮಾಡಿದ ಪ್ರದೇಶಗಳಲ್ಲಿ ಸತ್ತ ಜಾನುವಾರನ್ನು ಹಕ್ಕಿಗಳಿಗೆ ಬಿಡಬಹುದು ಅಂತಾಯಿತು. ಇದರ ಜೊತೆಗೆ ಬೇಟೆಯಾಡಿದ ಜಿಂಕೆ, ಕಾಡುಹಂದಿಗಳ ಮಿಕ್ಕ ಭಾಗವೂ ಸಿಗುತ್ತದೆ. ಈಗ ಸ್ಪೇನಿನಲ್ಲಿ ಗ್ರಿಫನ್‌ಗಳೇ 30,000ಕ್ಕೂ ಹೆಚ್ಚು ಜೋಡಿ.

ನಮ್ಮಲ್ಲಿ ಆದದ್ದು ಹಸಿವಲ್ಲ, ವಿಷ. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಅನ್ನುವ ಔಷಧಿ ಸತ್ತ ದನದ ಮಾಂಸದಲ್ಲಿ ಉಳಿದಿರುತ್ತಿತ್ತು. ತಿಂದ ರಣಹದ್ದಿನ ಮೂತ್ರಪಿಂಡ ಕೆಲಸ ನಿಲ್ಲಿಸಿ, ಕೆಲವೇ ದಿನಗಳಲ್ಲಿ ಅದು ಸಾಯುತ್ತಿತ್ತು. 1990ರ ದಶಕದಿಂದ ಭಾರತದ ಮುಖ್ಯ ಜಾತಿಗಳಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಹೋದವು. 2006ರಲ್ಲಿ ದನಗಳಿಗೆ ಆ ಔಷಧಿ ಕೊಡುವುದನ್ನು ನಿಷೇಧಿಸಿದರು. 2012ರಲ್ಲಿ ರಾಮದೇವರ ಬೆಟ್ಟ ರಣಹದ್ದು ಧಾಮ ಆಯಿತು, ಅಷ್ಟರಲ್ಲಿ ಅಲ್ಲಿ ಉಳಿದಿದ್ದು ಬೆರಳೆಣಿಕೆ.

ಇಷ್ಟೆಲ್ಲ ಗೊತ್ತಿದ್ದೂ ಸ್ಪೇನ್ 2013ರಲ್ಲಿ ಅದೇ ಔಷಧಿಯನ್ನು ಜಾನುವಾರುಗಳಿಗೆ ಕೊಡಲು ಒಪ್ಪಿಗೆ ಕೊಟ್ಟಿತು. ಕತಲೂನ್ಯದಲ್ಲಿ ಒಂದು ಕಪ್ಪು ರಣಹದ್ದಿನ ಮರಿ ಇದರಿಂದಲೇ ಸತ್ತದ್ದು 2021ರಲ್ಲಿ ವರದಿಯಾಯಿತು. ಇದನ್ನು ಹೇಳಿದಾಗ ಮಾವನವರಿಗೆ ನಂಬಲಾಗಲಿಲ್ಲ. ‘ನಮ್ಮನ್ನ ನೋಡಿಯಾದ್ರೂ ಬುದ್ಧಿ ಬರಬಾರದಾ’ ಅಂದರು. ನನ್ನ ಬಳಿ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಮೇಲಿನ ಕೋಟೆ ಹತ್ತಬೇಕಾ?

ಮೊಣಕಾಲು ಒಪ್ಪಿದರೆ ಹತ್ತಿ. ಬೆಟ್ಟದ ಮೇಲೆ ಮುಸ್ಲಿಮರ ಕಾಲದ ಕೋಟೆಯ ಉಳಿದ ಬುರುಜು, ಅದರ ಕಾಲಡಿಗೆ ಮೊನ್‌ಫ್ರಾಗ್ವೆ ಮಾತೆಯ ಪುಟ್ಟ ಗುಡಿ. ಕೆಳಗಿನ ಪಾರ್ಕಿಂಗ್‌ನಿಂದ ನೂರಕ್ಕೂ ಹೆಚ್ಚು ಮೆಟ್ಟಿಲು. ಬುರುಜಿನ ಮೇಲೆ ನಿಂತರೆ ಒಂದು ಕಡೆ ತಾಹೊ ನದಿ, ಇನ್ನೊಂದು ಕಡೆ ಕಣ್ಣು ಹರಿಯುವವರೆಗೂ ಮರಗಳ ಚುಕ್ಕಿ ಇಟ್ಟ ಬಯಲು. ರಣಹದ್ದುಗಳು ಬುರುಜನ್ನು ಸುತ್ತುಹಾಕಿಕೊಂಡು ಹೋಗುತ್ತವೆ. ವಾರಾಂತ್ಯದಲ್ಲಿ ಮಾತ್ರ ಗಲಾಟೆ ಜಾಸ್ತಿ.

ಆ ಮರಗಳ ಬಯಲು ಏನು? ಮರದ ಮೇಲೆ ನಂಬರ್ ಯಾಕೆ ಬರೆದಿರುತ್ತಾರೆ?

ಅದು ದೆಹೇಸ. ಕಾಡೂ ಅಲ್ಲ, ಹೊಲವೂ ಅಲ್ಲ. ಓಕ್ ಜಾತಿಯ ಮರಗಳನ್ನು ದೂರ ದೂರ ಉಳಿಸಿಕೊಂಡು, ಕೆಳಗೆ ದನ, ಕುರಿ, ಕರಿ ಹಂದಿ ಮೇಯಿಸುವ ಜಾಗ. ಚಳಿಗಾಲದಲ್ಲಿ ಉದುರುವ ಓಕ್ ಕಾಯಿ ತಿಂದು ಕೊಬ್ಬಿದ ಹಂದಿಯ ಮಾಂಸಕ್ಕೆ ಇಲ್ಲಿ ಚಿನ್ನದ ಬೆಲೆ.

ಕೆಲವು ಮರಗಳ ಕಾಂಡ ಲಂಗ ಎತ್ತಿದ ಹಾಗೆ ಅರ್ಧ ಬೆತ್ತಲೆ, ಕೆಂಪಗೆ ಇರುತ್ತದೆ. ಅದು ಬಾಟಲಿಗೆ ಹಾಕುವ ಬಿರಡೆಯ ಮರ. ತೊಗಟೆ ಸುಲಿದರೂ ಮರ ಸಾಯುವುದಿಲ್ಲ, ಮತ್ತೆ ಬೆಳೆಯುತ್ತದೆ. ಒಂಬತ್ತು ವರ್ಷಕ್ಕೊಮ್ಮೆ ಸುಲಿಯುತ್ತಾರೆ. ಕಾಂಡದ ಮೇಲೆ ಬರೆದ ಅಂಕಿ ಸುಲಿದ ವರ್ಷದ ಕೊನೆಯ ಅಂಕಿ. 5 ಅಂತ ಇದ್ದರೆ 2015 ಅಥವಾ 2025. ಮಕ್ಕಳಿಗೆ ಕಾರಿನಲ್ಲಿ ಒಳ್ಳೆಯ ಆಟ.

ಈ ಬಯಲಲ್ಲಿ ಒಂದು ಹಕ್ಕಿಯನ್ನು ತಪ್ಪಿಸಿಕೊಳ್ಳಬೇಡಿ. ಕಪ್ಪು ಟೋಪಿ, ಆಕಾಶನೀಲಿ ರೆಕ್ಕೆ, ಉದ್ದ ನೀಲಿ ಬಾಲ. ನಮ್ಮ ಮಟಪಕ್ಷಿಯ ಬಳಗ, ಅದೇ ಪುಂಡುತನ, ಗುಂಪಿನಲ್ಲಿ ಬಂದು ಊಟದ ಡಬ್ಬಿ ತಡಕುತ್ತವೆ. ಇದರ ಹತ್ತಿರದ ಸಂಬಂಧಿ ಇರುವುದು ಚೀನಾ, ಜಪಾನ್ ಕಡೆ, ನಡುವೆ ಎಲ್ಲೂ ಇಲ್ಲ. ಪೋರ್ಚುಗೀಸ್ ನಾವಿಕರು ಹಡಗಿನಲ್ಲಿ ತಂದು ಬಿಟ್ಟಿರಬೇಕು ಅಂತ ಬಹಳ ಕಾಲ ನಂಬಿದ್ದರು. ಆಮೇಲೆ ಜಿಬ್ರಾಲ್ಟರ್‌ನ ಗುಹೆಗಳಲ್ಲಿ ಸಾವಿರಾರು ವರ್ಷ ಹಳೆಯ ಮೂಳೆ ಸಿಕ್ಕಿ, ಹಡಗುಗಳಿಗೆ ಮುಂಚಿನಿಂದಲೂ ಇದು ಇಲ್ಲಿಯದೇ ಅಂತ ಗೊತ್ತಾಯಿತು.

ಊಟಕ್ಕೇನು? ನಾವು ಸಸ್ಯಾಹಾರಿಗಳು.

ಪಾರ್ಕಿನ ನಡುವೆ ಇರುವ ಒಂದೇ ಹಳ್ಳಿ ವಿಯರ್ರೆಯಾಲ್ ದೆ ಸಾನ್ ಕಾರ್ಲೊಸ್. ಹದಿನೆಂಟನೇ ಶತಮಾನದಲ್ಲಿ, ಈ ದಾರಿಯಲ್ಲಿ ದರೋಡೆಕೋರರ ಕಾಟ ತಡೆಯಲೆಂದು ಮೂರನೇ ಕಾರ್ಲೊಸ್ ರಾಜನ ಕಾಲದಲ್ಲಿ ಕಟ್ಟಿದ್ದು. ಒಂದೇ ಬೀದಿ. ಮಾಹಿತಿ ಕೇಂದ್ರ, ಶೌಚಾಲಯ, ಊಟ ಎಲ್ಲ ಇಲ್ಲೇ. ಊಟದ ಹೊತ್ತು ಎರಡು ಗಂಟೆಯ ಮೇಲೆ. ಹನ್ನೆರಡೂವರೆಗೆ ಹೋಗಿ ಊಟ ಕೇಳಿದರೆ ವಿಚಿತ್ರವಾಗಿ ನೋಡುತ್ತಾರೆ.

ಸಸ್ಯಾಹಾರಿಗಳಿಗೆ ಇದು ಸುಲಭದ ಸೀಮೆಯಲ್ಲ. ‘ಮಾಂಸ ಇಲ್ಲ’ ಅಂದರೆ ಸಾಲದು, ಅವರ ಲೆಕ್ಕದಲ್ಲಿ ಹಾಮೋನ್, ಅಂದರೆ ಉಪ್ಪು ಹಾಕಿ ಒಣಗಿಸಿದ ಹಂದಿತೊಡೆ, ಮಾಂಸ ಅಲ್ಲ, ಒಗ್ಗರಣೆ! ಸಲಾಡಿನ ಮೇಲೆ ಟ್ಯೂನಾ ಮೀನು ಉದುರಿಸಿ ತಂದಿಟ್ಟಾರು. ಹಾಗಾಗಿ ಒಂದೇ ಉಸಿರಿಗೆ ‘ಸಿನ್ ಕಾರ್ನೆ, ಸಿನ್ ಹಾಮೋನ್, ಸಿನ್ ಅತೂನ್’ ಅನ್ನಿ. ಮೊಟ್ಟೆ ತಿನ್ನುವವರಿಗೆ ಆಲೂಗಡ್ಡೆಯ ತೋರ್ತೀಯಾ ಇದೆ. ಗಿಣ್ಣಿನ ಹಾಗೆ ಮೆತ್ತಗಿರುವ ತೋರ್ತಾ ದೆಲ್ ಕಸಾರ್ ಚೀಸ್ ರುಚಿ ನೋಡಿ, ಅದರ ಹಾಲನ್ನು ಒಡೆಸುವುದು ಒಂದು ಮುಳ್ಳುಗಿಡದ ಹೂವಿನಿಂದ.

ನಾವು ಮಾಡುವುದು ಇದಕ್ಕಿಂತ ಸರಳ. ಚಿತ್ರಾನ್ನ, ಮೊಸರನ್ನ, ಉಪ್ಪಿನಕಾಯಿ ಕಟ್ಟಿಕೊಂಡು ಹೋಗಿ ಹಳ್ಳಿಯ ಮರದ ನೆರಳಲ್ಲಿ ಕೂರುತ್ತೇವೆ. ನೀಲಿ ಬಾಲದವರನ್ನು ನೆನಪಿಡಿ, ಡಬ್ಬಿ ಮುಚ್ಚಿಡಿ.

ಮಧ್ಯಾಹ್ನದ ಮೇಲೆ ಎಲ್ಲಿಗೆ?

ವಿಯರ್ರೆಯಾಲ್‌ನಿಂದ ಅಣೆಕಟ್ಟುಗಳ ಕಡೆ ಒಂದು ರಸ್ತೆ ಕವಲೊಡೆಯುತ್ತದೆ. ದಾರಿಯಲ್ಲಿ ಲಾ ತಹದೀಯಾ ಅನ್ನುವ ನೋಟದ ಜಾಗ, ಬಿಳಿ ರಣಹದ್ದಿಗೆ ಒಳ್ಳೆಯದು. ಹಾಗೇ ಮುಂದೆ ಹೋದರೆ ಪೊರ್ತೀಯಾ ದೆಲ್ ತಿಯೇತಾರ್. ರಸ್ತೆಯ ಪಕ್ಕ ನದಿ, ನದಿಯ ಆಚೆ ಬಂಡೆಗೋಡೆ. ಸಾಲ್ತೊಗಿಂತ ಚಿಕ್ಕದು, ಶಾಂತ.

ಇಲ್ಲಿ ಕಾಯುವುದು ಸ್ಪೇನಿನ ಇಂಪೀರಿಯಲ್ ಹದ್ದಿಗೆ. ಕಡುಗಂದು ಮೈ, ಹೆಗಲ ಮೇಲೆ ಬಿಳಿ ಶಾಲು ಹೊದ್ದ ಹಾಗೆ. ಸ್ಪೇನ್, ಪೋರ್ಚುಗಲ್ ಬಿಟ್ಟರೆ ಬೇರೆಲ್ಲೂ ಗೂಡು ಕಟ್ಟುವುದಿಲ್ಲ. 1970ರ ದಶಕದಲ್ಲಿ ಐವತ್ತು ಜೋಡಿಯೂ ಇರಲಿಲ್ಲ. ವಿಷ ಹಾಕಿಟ್ಟ ಮಾಂಸದ ತುಂಡು, ಶಾಕ್ ಹೊಡೆಯುವ ಕರೆಂಟು ಕಂಬ, ಅದರ ಮುಖ್ಯ ಊಟವಾದ ಮೊಲಗಳು ರೋಗಕ್ಕೆ ಸತ್ತದ್ದು, ಮೂರೂ ಸೇರಿ ಅದನ್ನು ಮುಗಿಸುವುದರಲ್ಲಿದ್ದವು. ಕಂಬಗಳ ತಂತಿ ಸರಿಪಡಿಸಿದರು, ಗೂಡು ಕಾದರು. ಈಗ 800 ಜೋಡಿ ದಾಟಿದೆ. ಆದರೂ ಕಂಡೇ ಕಾಣುತ್ತದೆ ಅಂತ ನಾನು ಯಾರಿಗೂ ಮಾತು ಕೊಡುವುದಿಲ್ಲ.

ಕಾರಿಂದ ಇಳಿಯದೆ ಹಕ್ಕಿ ನೋಡಬಹುದಾ?

ದೆಹೇಸದಲ್ಲಿ ಇಳಿಯದಿರುವುದೇ ಒಳ್ಳೆಯದು. ಹಕ್ಕಿಗಳಿಗೆ ಕಾರು ಅಂದರೆ ಒಂದು ದೊಡ್ಡ ಹಸು, ಮನುಷ್ಯ ಅಂದರೆ ಅಪಾಯ. ಬಾಗಿಲು ತೆರೆದ ಕ್ಷಣಕ್ಕೆ ಬೇಲಿ ಕಂಬದ ಮೇಲಿನ ಚಂದ್ರಮುಕುಟ ಮಾಯ. ಎಂಜಿನ್ ಆಫ್ ಮಾಡಿ, ಕಿಟಕಿ ಇಳಿಸಿ, ಗಾಜಿನ ಅಂಚಿಗೆ ಒಂದು ಟವೆಲ್ ಮಡಿಸಿಟ್ಟು ಅದರ ಮೇಲೆ ಕ್ಯಾಮೆರಾ ಇಡಿ.

ಆದರೆ ಎಲ್ಲೆಂದರಲ್ಲಿ ನಿಲ್ಲಿಸಬೇಡಿ. ನಾನು ಒಮ್ಮೆ ತಿರುವಿನಲ್ಲೇ ನಿಲ್ಲಿಸಿಬಿಟ್ಟೆ, ತಲೆ ಮೇಲೆ ಕಪ್ಪು ರಣಹದ್ದು ಬಂತು ಅಂತ. ಹಿಂದೆ ಬಂದ ಟ್ರ್ಯಾಕ್ಟರಿನ ಅಜ್ಜ ಗಾಡಿ ನಿಲ್ಲಿಸಿ, ಇಳಿದು ಬಂದು, ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಬೈದ. ಪೂರ್ತಿ ಅರ್ಥವಾಗಲಿಲ್ಲ, ಆಗಬೇಕಾದಷ್ಟು ಆಯಿತು. ರಸ್ತೆಯಿಂದ ಪೂರ್ತಿ ಹೊರಗೆ ನಿಲ್ಲಿಸಲು ಜಾಗ ಇದ್ದರೆ ಮಾತ್ರ ನಿಲ್ಲಿಸಿ.

ಬೈನಾಕ್ಯುಲರ್ ಯಾವುದು? ಟೆಲಿಸ್ಕೋಪ್ ಬೇಕಾ?

8x42 ಸಾಕು, ಅಂದರೆ ಎಂಟು ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಗಾಜು 42 ಮಿಲಿಮೀಟರ್ ಅಗಲ ಇರುವ ಬೈನಾಕ್ಯುಲರ್. ಟೆಲಿಸ್ಕೋಪ್ ಇದ್ದರೆ ಗೂಡುಗಳು ಚೆನ್ನಾಗಿ ಕಾಣುತ್ತವೆ. ಇಲ್ಲದಿದ್ದರೆ ಪಕ್ಕದವರದು ಇರುತ್ತದೆ, ಬಗ್ಗಿ ನೋಡಲು ಅವರೇ ಕರೆಯುತ್ತಾರೆ.

ಊರಲ್ಲಿ ಕಾಣುವ ಹಕ್ಕಿಗಳೂ ಅಲ್ಲಿವೆಯಾ?

ಗುಬ್ಬಿ, ಚಂದ್ರಮುಕುಟ ಧಾರಾಳ. ಬೆಂಗಳೂರಿನ ಆಕಾಶದಲ್ಲಿ ಸುತ್ತುವ ಮಾಮೂಲಿ ಹದ್ದು ಇಲ್ಲೂ ಇದೆ, ಅದೇ ಜಾತಿ. ವ್ಯತ್ಯಾಸ ಅಂದರೆ ಇಲ್ಲಿಯದು ಚಳಿಗೆ ಹೆದರಿ ಆಫ್ರಿಕಾಕ್ಕೆ ಹೋಗಿಬರುತ್ತದೆ. ನೀಲಿ ರಾಕ್ ಥ್ರಶ್ ಚಳಿಗಾಲದಲ್ಲಿ ನಮ್ಮ ಪಶ್ಚಿಮ ಘಟ್ಟಕ್ಕೂ ಬರುತ್ತದೆ, ಅಲ್ಲಿಗೆ ಬರುವುದು ಏಷ್ಯಾದ ಕಡೆಯವು.

ಬೆಟ್ಟದ ಮೇಲೆ ಒಂದೆರಡು ಕಡೆ ನೀಲಗಿರಿ ಮರ ಕಂಡಿತು. ಅದು ಇಲ್ಲಿಗೆ ಹೇಗೆ ಬಂತು?

ಕೋಲಾರ, ಚಿಕ್ಕಬಳ್ಳಾಪುರದವರಿಗೆ ಈ ಕಥೆ ಬಿಡಿಸಿ ಹೇಳಬೇಕಾಗಿಲ್ಲ. ಕಾಗದದ ಕಾರ್ಖಾನೆಗೆಂದು ಇಲ್ಲಿನ ಹಳೆಯ ಓಕ್ ಕಾಡು ಬೋಳಿಸಿ, ಬೆಟ್ಟದ ಮೈಗೆ ಮೆಟ್ಟಿಲು ಕೊರೆದು ನೀಲಗಿರಿ ನೆಟ್ಟರು. 1970ರ ದಶಕದಲ್ಲಿ ಹೆಸುಸ್ ಗಾರ್ಸೋನ್ ಅನ್ನುವ ಪರಿಸರವಾದಿ ಮತ್ತು ಜೊತೆಗಿದ್ದವರು ಇದರ ವಿರುದ್ಧ ನಿಂತರು. 1979ರಲ್ಲಿ ಇದು ರಕ್ಷಿತ ಪಾರ್ಕ್ ಆಯಿತು, 2003ರಲ್ಲಿ ಯುನೆಸ್ಕೊ ಜೀವಗೋಳ ಮೀಸಲು, 2007ರಲ್ಲಿ ರಾಷ್ಟ್ರೀಯ ಉದ್ಯಾನ. ನೀಲಗಿರಿಯ ಬಹುಪಾಲು ಕಿತ್ತುಹಾಕಿದ್ದಾರೆ. ಬೆಟ್ಟದ ಮೇಲಿನ ಮೆಟ್ಟಿಲುಗಳು ಮಾತ್ರ ಹಾಗೇ ಉಳಿದಿವೆ, ಗಮನಿಸಿ ನೋಡಿದರೆ ಕಾಣುತ್ತವೆ.

ಮಾಡಬಾರದ್ದು ಏನೇನು?

ಡ್ರೋನ್ ಹಾರಿಸಬೇಡಿ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯಬೇಡಿ. ವಿಯರ್ರೆಯಾಲ್‌ನಿಂದ ಬಣ್ಣದ ಗುರುತಿನ ಕಾಲುದಾರಿಗಳಿವೆ, ಅವುಗಳನ್ನು ಬಿಟ್ಟು ಒಳಗೆ ನುಗ್ಗಬೇಡಿ, ಪಾರ್ಕಿನ ಹೆಚ್ಚಿನ ಭಾಗಕ್ಕೆ ಜನರಿಗೆ ಪ್ರವೇಶವೇ ಇಲ್ಲ.

ವಯಸ್ಸಾದವರು, ಮಕ್ಕಳು ಬರಬಹುದಾ?

ಖಂಡಿತ. ಇಡೀ ದಿನದಲ್ಲಿ ನಡೆಯುವುದು ಅರ್ಧ ಕಿಲೋಮೀಟರೂ ಇರಲಿಕ್ಕಿಲ್ಲ. ಮಡಚುವ ಕುರ್ಚಿ, ಟೋಪಿ, ನೀರು ಇದ್ದರೆ ಸಾಕು. 135 ಸೆಂಟಿಮೀಟರಿಗಿಂತ ಕುಳ್ಳಗಿರುವ ಮಕ್ಕಳಿಗೆ ಕಾರಿನಲ್ಲಿ ಬೇರೆ ಸೀಟು ಕಡ್ಡಾಯ.

ಸಂಜೆ ಎಷ್ಟು ಹೊತ್ತಿಗೆ ವಾಪಸ್ ಹೊರಡಬೇಕು?

ಇಲ್ಲಿ ಎರಡು ದಾರಿ. ಬೇಗ ಹೊರಡುವುದಾದರೆ ದಕ್ಷಿಣಕ್ಕೆ ತ್ರುಹಿಯೊ ಊರಿನ ಮೇಲೆ ಹೋಗಿ. ಅಲ್ಲಿಂದ ನೇರ ಎ-5 ಸಿಗುತ್ತದೆ. ಇಂಕಾ ಸಾಮ್ರಾಜ್ಯವನ್ನು ಮುಗಿಸಿದ ಪಿಸಾರೊ ಹುಟ್ಟಿದ ಊರು ಅದು. ಚೌಕದಲ್ಲಿ ಕುದುರೆಯ ಮೇಲೆ ಅವನ ಪ್ರತಿಮೆ, ಸುತ್ತಲಿನ ಗೋಪುರಗಳ ಮೇಲೆ ಬಿಳಿ ಕೊಕ್ಕರೆಗಳ ಗೂಡು. ನಾವು ಹೋಗುವುದು ಊರಾಚೆಯ ಗೂಳಿಕಾಳಗದ ಅಖಾಡಕ್ಕೆ. ಕಾಳಗ ನೋಡಲು ಅಲ್ಲ. ಅದರ ಹೆಂಚಿನ ಮಾಡಿನ ಸಂದುಗಳಲ್ಲಿ ಸಣ್ಣ ಚಾಣಗಳು ಗೂಡು ಕಟ್ಟುತ್ತವೆ. ಅವುಗಳಿಗೋಸ್ಕರ ಈ ಕಟ್ಟಡವನ್ನೇ ಪಕ್ಷಿ ರಕ್ಷಣಾ ಪ್ರದೇಶ ಅಂತ ಸಾರಿದ್ದಾರೆ.

ತಡವಾದರೂ ಪರವಾಗಿಲ್ಲ ಅನ್ನುವವರು ಪೊರ್ತೀಯಾ ದೆಲ್ ತಿಯೇತಾರ್‌ನಲ್ಲೇ ಕೂರಿ. ಏಳಕ್ಕೆ ಟೂರಿಸ್ಟರೆಲ್ಲ ಹೊರಡುತ್ತಾರೆ. ಎಂಟೂವರೆಗೆ ರಣಹದ್ದುಗಳು ಒಂದೊಂದಾಗಿ ವಾಪಸ್ ಬಂದು, ಕಾಲು ಇಳಿಬಿಟ್ಟು ಬಂಡೆಗೆ ಇಳಿಯುತ್ತವೆ. ಬೆಳಕು ಹೋಗುವ ಹೊತ್ತಿಗೆ ಆ ಗೋಡೆಯಲ್ಲೇ ಎಲ್ಲೋ ಒಂದು ದೊಡ್ಡ ಕೊಂಬಿನ ಗೂಬೆ ‘ಊಊ’ ಅನ್ನುತ್ತದೆ. ಹಗಲೆಲ್ಲ ಅದೇ ಬಂಡೆಯನ್ನು ನಾವು ಇಂಚಿಂಚು ಹುಡುಕಿರುತ್ತೇವೆ, ಕಂಡಿರುವುದಿಲ್ಲ. ಐದು ಸಲ ಕಾದಿದ್ದೇನೆ. ಕೂಗು ಕೇಳಿದ್ದು ಮೂರು ಸಲ, ಗೂಬೆ ಕಂಡದ್ದು ಒಂದು ಸಲ.

ಕತ್ತಲಾದ ಮೇಲೆ ಪಾರ್ಕಿನ ರಸ್ತೆಯಲ್ಲಿ ಜಿಂಕೆ, ಕಾಡುಹಂದಿ ಅಡ್ಡ ಬರುತ್ತವೆ, ನಿಧಾನ ಓಡಿಸಿ.

ಶನಿವಾರವಾ, ಭಾನುವಾರವಾ?

ಶನಿವಾರ. ಗೂಬೆಗೆ ಕಾದರೆ ಮನೆ ಸೇರುವುದು ರಾತ್ರಿ ಹನ್ನೆರಡಕ್ಕೆ. ಭಾನುವಾರ ಹೋದರೆ ಮರುದಿನ ಆಫೀಸು ಇರುತ್ತದೆ.